ಐಸಿಯು ಡ್ಯೂಟಿಯಲ್ಲಿ ನನ್ನ ಜಪ, ನನ್ನ ಉಪವಾಸ

ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ನಮ್ಮ ಮನೆದೇವರು ಧರ್ಮಸ್ಥಳದ ಮಂಜುನಾಥಸ್ವಾಮಿ. ಡ್ಯೂಟಿಯಲ್ಲಿ ಭಕ್ತಿ ಗಿಕ್ತಿ ಎಲ್ಲ ಬೇಡ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನನ್ನ ಭಕ್ತಿಯಿಂದ ರೋಗಿಗೆ ತೊಂದರೆ ಆಗಬಾರದು, ಅಷ್ಟೇ.

ಮೊದಲು ಕೈ ವಿಷಯ. ಮಣಿಕಟ್ಟಿನಲ್ಲಿ ದಾರ, ಬಳೆ ಇದ್ದರೆ ಕೈ ಪೂರ್ತಿ ಶುಚಿಯಾಗುವುದಿಲ್ಲ. ಒದ್ದೆಯಾದ ದಾರ ಬೇಗ ಒಣಗುವುದೂ ಇಲ್ಲ. ಅದಕ್ಕೇ ಹರಕೆಯ ದಾರವನ್ನು ರಟ್ಟೆಗೆ ಕಟ್ಟಿಕೊಂಡೆ, ಯೂನಿಫಾರ್ಮ್ ತೋಳಿನ ಒಳಗೆ. ಅಮ್ಮನಿಗೆ ಸಮಾಧಾನವಿರಲಿಲ್ಲ. ಊರಿನ ಭಟ್ಟರನ್ನೇ ಕೇಳಿದೆವು. "ರಟ್ಟೆಗೂ ಕಟ್ಟಬಹುದು ಕಣಮ್ಮ" ಅಂದರು.

ಹ್ಯಾಂಡ್‌ರಬ್, ಅಂದರೆ ಕೈ ಶುಚಿ ಮಾಡುವ ಆಲ್ಕೋಹಾಲ್ ದ್ರಾವಣ, ಹಾಕಿ 20ರಿಂದ 30 ಸೆಕೆಂಡ್ ಉಜ್ಜಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ. ಕೈ ಉಜ್ಜುತ್ತಾ ಮನಸ್ಸಿನಲ್ಲೇ 'ಓಂ ನಮಃ ಶಿವಾಯ' ಹೇಳಿಕೊಳ್ಳುತ್ತೇನೆ. ಎಷ್ಟೇ ರಶ್ ಇದ್ದರೂ ಆ ಜಪ ಅರ್ಧಕ್ಕೆ ಬಿಡಲು ಮನಸ್ಸು ಬರುವುದಿಲ್ಲ, ಹಾಗಾಗಿ ಕೈಯೂ ಸರಿಯಾಗಿ ಶುಚಿಯಾಗುತ್ತದೆ.

ಇನ್ನು ರೋಗಿಯ ಕಡೆಯವರು. "ಸಿಸ್ಟರ್, ಒಂದು ತೊಟ್ಟು ತೀರ್ಥ ಹಾಕ್ಲಾ?" ಅಂತ ಕೇಳುತ್ತಲೇ ಇರುತ್ತಾರೆ. ಸುಮ್ನೆ ಗದರಿಸಿ ಕಳಿಸುವುದು ನನಗೆ ಇಷ್ಟವಿಲ್ಲ. "ಬಾಯಿಗೆ ಬೇಡಮ್ಮ, ಶ್ವಾಸಕೋಶಕ್ಕೆ ಇಳಿದರೆ ನಿಮೋನಿಯಾ ಆಗತ್ತೆ. ಹಣೆಗೆ ಹಚ್ಚಿ" ಅನ್ನುತ್ತೇನೆ. ಬಹಳ ಜನ ಒಪ್ಪುತ್ತಾರೆ. ವಿಭೂತಿಯೂ ಹಣೆಗೆ ಒಂದು ಚಿಟಿಕೆ ಸಾಕು, ಟ್ಯೂಬ್, ಲೈನ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಹತ್ತಿರ ಬೀಳಬಾರದು. ಕರ್ಪೂರ, ಊದುಬತ್ತಿ ಮಾತ್ರ ಖಂಡಿತ ಇಲ್ಲ. ಆಕ್ಸಿಜನ್ ಇರುವ ಕಡೆ ಸಣ್ಣ ಕಿಡಿಯೂ ಅಪಾಯ.

ಒಬ್ಬ ಅಜ್ಜಿ ಬೈಬಲ್ ಕೊಟ್ಟು, "23ನೇ ಕೀರ್ತನೆ ಓದಮ್ಮ" ಅಂದರು. ಓದಿದೆ. ಆದರೆ ಪ್ರಾರ್ಥನೆ ಮಾಡೋಣ ಅಂತ ನಾನಾಗಿ ಯಾರನ್ನೂ ಕರೆಯುವುದಿಲ್ಲ. ಮಲಗಿದಲ್ಲೇ ಇರುವವರಿಗೆ ನರ್ಸ್ ಹೇಳಿದ್ದನ್ನು ಬೇಡ ಅನ್ನುವುದು ಕಷ್ಟ, ಅಲ್ವಾ?

ಶಿವರಾತ್ರಿಯ ದಿನ ನೈಟ್ ಡ್ಯೂಟಿ ಬಿದ್ದರೆ ಹಾಲು, ಹಣ್ಣು ತೆಗೆದುಕೊಳ್ಳುತ್ತೇನೆ, ನೀರು ಜಾಸ್ತಿ ಕುಡಿಯುತ್ತೇನೆ. ನೀರೂ ಮುಟ್ಟದ ಉಪವಾಸ ರಜೆ ಇದ್ದಾಗ ಮಾತ್ರ. ತಲೆ ಸುತ್ತುವಾಗ ಔಷಧಿ ಲೆಕ್ಕ ಹಾಕಬಾರದು. ರಂಜಾನ್ ತಿಂಗಳಲ್ಲಿ ರೋಜಾ ಇರುವ ಸಿಸ್ಟರ್ ಇಫ್ತಾರ್‌ಗೆ ಹೋದಾಗ ಅವರ ಬೆಡ್ ನಾನು ನೋಡಿಕೊಳ್ಳುತ್ತೇನೆ, ಶಿವರಾತ್ರಿಗೆ ನನ್ನ ಬೆಡ್ ಅವರು. ಯಾರೇ ಹೋಗಲಿ, ಬಿಪಿ ಎಷ್ಟಿದೆ, ಯೂರಿನ್ ಎಷ್ಟು ಬಂತು, ಮುಂದಿನ ಡೋಸ್ ಎಷ್ಟು ಗಂಟೆಗೆ, ಎಲ್ಲ ಹೇಳಿಯೇ ಹೋಗಬೇಕು.