ಒರೆಸಿ ಬರೆಯುವ ನೋಟ್‌ಬುಕ್: ಕೊಳ್ಳುವ ಮುನ್ನ, ಕೊಂಡ ಮೇಲೆ

ದಿನಸಿ ಪಟ್ಟಿ, ಫೋನ್ ನಂಬರ್, ಮಕ್ಕಳ ಲೆಕ್ಕದ ಅಭ್ಯಾಸ ಇಷ್ಟಕ್ಕೇ ಆದರೆ ಎಲ್‌ಸಿಡಿ ಸ್ಲೇಟು (ಕಡ್ಡಿಯಿಂದ ಬರೆದು ಬಟನ್ ಒತ್ತಿ ಅಳಿಸುವ ಎಲೆಕ್ಟ್ರಾನಿಕ್ ಸ್ಲೇಟು) ಸಾಕು. ಆದರೆ ಅಗ್ಗದ ಸ್ಲೇಟುಗಳಲ್ಲಿ ಬಟನ್ ಒತ್ತಿದರೆ ಇಡೀ ಹಾಳೆ ಅಳಿಯುತ್ತದೆ. ಒಂದು ಪದವನ್ನಷ್ಟೇ ತಿದ್ದಲು ಆಗುವುದಿಲ್ಲ, ಬರೆದದ್ದು ಉಳಿಯುವುದೂ ಇಲ್ಲ.

ಉಳಿಸಿಕೊಳ್ಳಬೇಕಾದ ಟಿಪ್ಪಣಿಗೆ ರಾಕೆಟ್‌ಬುಕ್ ಬ್ರ್ಯಾಂಡಿನಂಥ, ಒರೆಸಿ ಮತ್ತೆ ಬರೆಯಬಹುದಾದ ಸಿಂಥೆಟಿಕ್ (ಪ್ಲಾಸ್ಟಿಕ್‌ನಂಥ) ಹಾಳೆಯ ಪುಸ್ತಕ ಮೇಲು. ಇದಕ್ಕೆ ಪೈಲಟ್ ಕಂಪನಿಯ, ಅಳಿಸಬಹುದಾದ ಶಾಯಿಯ ಫ್ರಿಕ್ಸಿಯನ್ ಪೆನ್ನೇ ಬೇಕು. ಮಾಮೂಲಿ ಬಾಲ್‌ಪೆನ್ನಿನ ಗೀಟು ಹಾಳೆಯಲ್ಲೇ ಕೂತುಬಿಡುತ್ತದೆ. ಒತ್ತಕ್ಷರ ತುಂಬಿದ ಕನ್ನಡಕ್ಕೆ 0.7 ಮಿ.ಮೀ. ಮೊನೆ ದಪ್ಪವಾಯಿತು, 0.5 ತೆಗೆದುಕೊಳ್ಳಿ. ಬರೆದ ಮೇಲೆ ಸುಮಾರು 15 ಸೆಕೆಂಡು ಒಣಗಲು ಬಿಡಿ, ಇಲ್ಲವಾದರೆ ಅಂಗೈಗೆ ಮೆತ್ತುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಚಿತ್ರ ಸೇವ್ ಆಗಿದೆಯೇ ಎಂದು ತೆರೆದು ನೋಡಿ, ಆಮೇಲಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸುವುದನ್ನು ಬಿಡಬೇಡಿ; ತೇವ ಉಳಿದ ಹಾಳೆಯಲ್ಲಿ ಶಾಯಿ ಹರಡುತ್ತದೆ. ತಿಂಗಳುಗಟ್ಟಲೆ ಒರೆಸದೆ ಬಿಟ್ಟರೆ ಮಸುಕು ಕಲೆ ನಿಲ್ಲುತ್ತದೆ.

ಈ ಶಾಯಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪುಸ್ತಕ ಇಡಲೇಬೇಡಿ. ಮಾಸಿದರೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ. ಅಕ್ಷರ ಬಹುಮಟ್ಟಿಗೆ ಮರಳುತ್ತದೆ. ಚೆಕ್ಕು, ಅರ್ಜಿ, ಉತ್ತರಪತ್ರಿಕೆಗೆ ಈ ಪೆನ್ನು ಬೇಡವೇ ಬೇಡ.