ನೆರೆರಾಷ್ಟ್ರದ ನೆರವಿನ ಘೋಷಣೆಯನ್ನು ಓದುವುದು ಹೇಗೆ: ಶ್ರೀಲಂಕಾದ ರೈಲುಹಳಿ ಮತ್ತು ವಿದ್ಯಾರ್ಥಿವೇತನ

ಭಾರತ ಮತ್ತು ಶ್ರೀಲಂಕಾದ ನಾಯಕರು ಭೇಟಿಯಾದಾಗ ಹೊರಬೀಳುವ ಜಂಟಿ ಹೇಳಿಕೆಗಳಲ್ಲಿ ರೈಲುಮಾರ್ಗ, ವಸತಿ, ವಿದ್ಯಾರ್ಥಿವೇತನ ಎಲ್ಲವೂ ಒಟ್ಟೊಟ್ಟಿಗೆ ಬರುತ್ತವೆ. ಅವುಗಳನ್ನು ಸರಿಯಾಗಿ ತಿಳಿಯಬೇಕೆಂದರೆ ಮೊತ್ತವನ್ನು ಮೊದಲು ಬದಿಗಿಟ್ಟು, ಆ ಹಣ ಯಾವ ಬಗೆಯದು ಎಂದು ನೋಡಬೇಕು. ನೆರವು ಎಂಬ ಒಂದೇ ತಲೆಬರಹದಡಿ ಹಿಂದಿರುಗಿಸಬೇಕಿಲ್ಲದ ಅನುದಾನವೂ ಇರುತ್ತದೆ, ಬಡ್ಡಿಸಮೇತ ತೀರಿಸಬೇಕಾದ ಸಾಲವೂ ಇರುತ್ತದೆ. ಶ್ರೀಲಂಕಾದಲ್ಲಿ ಭಾರತ ಕೈಗೊಂಡ ರೈಲು ಕಾಮಗಾರಿಗಳ ಬಹುಭಾಗ ಎರಡನೆಯ ಬಗೆಯದು. ವಿದ್ಯಾರ್ಥಿವೇತನಗಳು ಮೊದಲನೆಯ ಬಗೆಯವು. ಆದ್ದರಿಂದ ಎರಡನ್ನೂ ಕೂಡಿಸಿ ಒಂದು ದೊಡ್ಡ ಮೊತ್ತ ಹೇಳುವ ಸುದ್ದಿಯನ್ನು ಕಂಡರೆ, ಮೊದಲ ಕೆಲಸ ಅದನ್ನು ಮತ್ತೆ ಬಿಡಿಸುವುದು.

ಸಾಲದ ನೆರವು ನಡೆಯುವ ಕ್ರಮವನ್ನು ತಿಳಿದಿದ್ದರೆ ಓದು ಸುಲಭವಾಗುತ್ತದೆ. ಭಾರತ ಸರ್ಕಾರದ ಬೆಂಬಲದಿಂದ ಆಮದು-ರಫ್ತಿಗೆ ಸಾಲ ಕೊಡುವ ಸರ್ಕಾರಿ ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ ‘ಲೈನ್ ಆಫ್ ಕ್ರೆಡಿಟ್’ ತೆರೆಯುತ್ತದೆ, ಅಂದರೆ ಇಂತಿಷ್ಟು ಮೊತ್ತದವರೆಗೆ ಬೇಕಾದಂತೆ ಸಾಲ ಪಡೆಯುವ ಅವಕಾಶ ಕೊಡುತ್ತದೆ. ಹಣ ಸಾಮಾನ್ಯವಾಗಿ ಸಾಲ ಪಡೆದ ದೇಶದ ಖಜಾನೆಗೆ ಹೋಗುವುದಿಲ್ಲ. ಕಾಮಗಾರಿ ಮುಂದುವರಿದಂತೆ ಭಾರತೀಯ ಗುತ್ತಿಗೆದಾರರಿಗೆ ಪಾವತಿಯಾಗುತ್ತದೆ, ಕಂತನ್ನು ಮಾತ್ರ ಸಾಲ ಪಡೆದ ಸರ್ಕಾರ ತೀರಿಸುತ್ತದೆ. ಸರಕು ಮತ್ತು ಸೇವೆಗಳ ಮುಕ್ಕಾಲು ಪಾಲು ಭಾರತದಿಂದಲೇ ಬರಬೇಕೆಂಬುದು ಸಾಮಾನ್ಯ ಷರತ್ತು. ಇದರಲ್ಲಿ ಮೋಸವೇನಿಲ್ಲ, ಆದರೆ ಕೊಡುವ ದೇಶದ ಉದ್ದಿಮೆಗೂ ಇದರಿಂದ ಕೆಲಸ ಸಿಗುತ್ತದೆ ಎಂಬುದನ್ನು ಓದುಗರಿಗೆ ಹೇಳದಿರುವುದು ಸರಿಯಲ್ಲ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ತನ್ನ ವಿದೇಶಿ ಸಾಲದ ಪಾವತಿಯನ್ನೇ ನಿಲ್ಲಿಸಬೇಕಾಗಿ ಬಂದಾಗ, ಸಾಲ ಕೊಟ್ಟ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ಎರಡನೆಯದಾಗಿ, ಪಕ್ಕದಲ್ಲಿ ಒಂದು ನಕಾಶೆ ಇಟ್ಟುಕೊಳ್ಳಿ. ‘ಉತ್ತರದ ರೈಲುಮಾರ್ಗ’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ; ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಂಬುದೇ ಮುಖ್ಯ. ಕೊಲಂಬೊದಿಂದ ಜಾಫ್ನಾಕ್ಕೆ ಯಾಳ್ ದೇವಿ ರೈಲು 1956ರಿಂದ ಓಡುತ್ತಿತ್ತು. 1990ರಲ್ಲಿ ಸರ್ಕಾರ ಮತ್ತು ಎಲ್‌ಟಿಟಿಇ ನಡುವಿನ ಯುದ್ಧದಿಂದಾಗಿ ಆ ಸಂಚಾರ ನಿಂತಿತು. ಮುಂದಿನ ವರ್ಷಗಳಲ್ಲಿ ಹಳಿಗಳೂ ಸ್ಲೀಪರುಗಳೂ ಕಿತ್ತುಹೋಗಿ ಬಂಕರುಗಳ ಗೋಡೆ, ಚಾವಣಿಗಳಾದವು. ಮಾರ್ಗ ಹಾದುಹೋಗುತ್ತಿದ್ದ ನೆಲದಲ್ಲಿ ನೆಲಬಾಂಬುಗಳು ಉಳಿದವು. 2009ರಲ್ಲಿ ಯುದ್ಧ ಮುಗಿದ ಮೇಲೆ ಮೊದಲು ಬಾಂಬು ತೆಗೆದು, ಆಮೇಲೆ ಮಣ್ಣಿನ ಏರಿಯಿಂದ ಮೊದಲ್ಗೊಂಡು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಭಾರತದ ಸಾರ್ವಜನಿಕ ಸಂಸ್ಥೆಯಾದ ಇರ್ಕಾನ್ ಓಮಂತೈ–ಪಳೈ, ಪಳೈ–ಕಾಂಕೇಸಂತುರೈ, ಮೇದವಚ್ಚಿಯ–ಮಡು, ಮಡು–ತಲೈಮನ್ನಾರ್ ಎಂಬ ನಾಲ್ಕು ತುಂಡುಗಳನ್ನು, ಒಟ್ಟು ಸುಮಾರು 252 ಕಿ.ಮೀ., ಮರುನಿರ್ಮಿಸಿತು. 2014ರ ಅಕ್ಟೋಬರ್ 13ರಂದು, ಇಪ್ಪತ್ತನಾಲ್ಕು ವರ್ಷಗಳ ನಂತರ, ಯಾಳ್ ದೇವಿ ಮತ್ತೆ ಜಾಫ್ನಾ ತಲುಪಿತು.

ಇದರೊಂದಿಗೆ ಓದುಗರು ಹೆಚ್ಚಾಗಿ ಬೆರೆಸಿಬಿಡುವ ಇನ್ನೊಂದು ಕೆಲಸವಿದೆ. 2025ರ ಏಪ್ರಿಲ್ 6ರಂದು ಅನುರಾಧಪುರದಲ್ಲಿ ಉದ್ಘಾಟನೆಯಾದ 128 ಕಿ.ಮೀ. ಮಹೋ–ಓಮಂತೈ ಮಾರ್ಗ ಮೇಲಿನ ನಾಲ್ಕರಲ್ಲಿ ಸೇರಿಲ್ಲ. ಅದು ಇದ್ದ ಹಳಿಯ ನವೀಕರಣ. ಅದಕ್ಕೆ ಭಾರತದ ನೆರವು 9.127 ಕೋಟಿ ಡಾಲರ್. ಅದೇ ದಿನ ಚಾಲನೆ ಪಡೆದ ಮಹೋ–ಅನುರಾಧಪುರ ಸಿಗ್ನಲ್ ವ್ಯವಸ್ಥೆಗೆ 1.489 ಕೋಟಿ ಡಾಲರ್, ಮತ್ತು ಇದು ಅನುದಾನ. ಹಳಿ ಸಾಲದಲ್ಲಿ, ಸಿಗ್ನಲ್ ಅನುದಾನದಲ್ಲಿ. ಒಂದೇ ಸಮಾರಂಭ, ಎರಡು ಲೆಕ್ಕ. ಮರುನಿರ್ಮಾಣ, ನವೀಕರಣ, ಸಿಗ್ನಲ್ ಈ ಮೂರನ್ನೂ ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳದೆ ಹೋದರೆ ಒಂದೇ ಮಾರ್ಗವನ್ನು ಎರಡು ಬಾರಿ ಎಣಿಸುವ ಅಪಾಯವಿದೆ.

ಹಳಿ ಸಿದ್ಧವಾದ ಮೇಲೆ ಅದನ್ನು ಓಡಿಸುವವರು ಯಾರು ಎಂದೂ ಕೇಳಬೇಕು. ನೇಪಾಳದ ಉದಾಹರಣೆ ಇಲ್ಲಿ ಉಪಯುಕ್ತ. ಭಾರತದ ಅನುದಾನದಲ್ಲಿ ಬಿಹಾರದ ಜಯನಗರ ಮತ್ತು ನೇಪಾಳದ ಕುರ್ಥಾ ನಡುವಿನ 35 ಕಿ.ಮೀ. ಹಳೆಯ ಕಿರುಮಾರ್ಗ (ನ್ಯಾರೋಗೇಜ್) ಬ್ರಾಡ್‌ಗೇಜ್ ಆಯಿತು, ಕೊಂಕಣ ರೈಲ್ವೆಯ ಮೂಲಕ ನೇಪಾಳ ಕೊಂಡ ಎರಡು ರೈಲುಗಳು 2020ರ ಸೆಪ್ಟೆಂಬರ್‌ನಲ್ಲೇ ಬಂದು ನಿಂತವು. ಆದರೆ ತರಬೇತಿ ಪಡೆದ ಸಿಬ್ಬಂದಿಯೂ ರೈಲು ಓಡಿಸಲು ಬೇಕಾದ ಕಾನೂನೂ ಸಿದ್ಧವಿಲ್ಲದೆ, ಪ್ರಯಾಣಿಕರ ಸಂಚಾರ ಶುರುವಾದದ್ದು 2022ರ ಏಪ್ರಿಲ್‌ನಲ್ಲಿ.

ವಿದ್ಯಾರ್ಥಿವೇತನದ ಸುದ್ದಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ವಿದ್ಯಾರ್ಥಿ ಎಲ್ಲಿ ಓದುತ್ತಾನೆ ಅಥವಾ ಓದುತ್ತಾಳೆ ಎಂಬುದು. ನೆಹರೂ ಸ್ಮಾರಕ ಯೋಜನೆ ಪದವಿಗೆ, ಮೌಲಾನಾ ಆಜಾದ್ ಯೋಜನೆ ಸ್ನಾತಕೋತ್ತರಕ್ಕೆ ಶ್ರೀಲಂಕಾದ ವಿದ್ಯಾರ್ಥಿಗಳನ್ನು ಭಾರತಕ್ಕೆ ಕರೆತರುತ್ತವೆ. ಮಹಾತ್ಮ ಗಾಂಧಿ ವಿದ್ಯಾರ್ಥಿವೇತನ ಶ್ರೀಲಂಕಾದಲ್ಲಿಯೇ ಎ ಲೆವೆಲ್ (ನಮ್ಮ ಪಿಯುಸಿಯಂಥ ಹಂತ) ಓದುತ್ತಿರುವ ಬಡ ಪ್ರತಿಭಾವಂತರಿಗೆ ಸಲ್ಲುತ್ತದೆ. 2024ರ ಡಿಸೆಂಬರ್‌ನಲ್ಲಿ ಜಾಫ್ನಾ ಮತ್ತು ಪೂರ್ವ ಪ್ರಾಂತ್ಯದ ವಿಶ್ವವಿದ್ಯಾಲಯಗಳ 200 ವಿದ್ಯಾರ್ಥಿಗಳಿಗೆ ಘೋಷಿಸಿದ ಮಾಸಿಕ ವೇತನವೂ ಇದೇ ಬಗೆಯದು. ನನ್ನ ಅಭಿಪ್ರಾಯದಲ್ಲಿ ಸ್ವದೇಶದಲ್ಲೇ ಓದುವವರಿಗೆ ಕೊಡುವ ಈ ವೇತನಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಚಹಾ ತೋಟದ ಕೂಲಿಕಾರರ ಮಗಳು ವಿಮಾನ ಹತ್ತುವ ಹಂತಕ್ಕೆ ಬರುವ ಮೊದಲೇ ಶಾಲೆ ಬಿಡಬಹುದು. ಅವಳನ್ನು ಉಳಿಸಿಕೊಳ್ಳುವುದು ಊರಿನಲ್ಲೇ ಸಿಗುವ ತಿಂಗಳ ಹಣ.

ಮೊತ್ತ ‘ರೂಪಾಯಿ’ಯಲ್ಲಿದ್ದರೆ ಯಾವ ದೇಶದ ರೂಪಾಯಿ ಎಂದು ಖಚಿತಪಡಿಸಿಕೊಳ್ಳಿ. 2022ರಲ್ಲಿ ಕೆಲವೇ ವಾರಗಳಲ್ಲಿ ಶ್ರೀಲಂಕಾದ ರೂಪಾಯಿ ಡಾಲರಿಗೆ ಸುಮಾರು 200ರಿಂದ 300ರ ಆಚೆಗೆ ಕುಸಿಯಿತು. ಹಳೆಯ ದರದಲ್ಲಿ ನಿಗದಿಯಾದ ವೇತನ ಅಂಥ ಹೊತ್ತಿನಲ್ಲಿ ಪುಸ್ತಕಕ್ಕೂ ಸಾಲದೆ ಹೋಗಬಹುದು. ಬೋಧನಾ ಶುಲ್ಕ, ಊಟ, ವಸತಿ, ವಿಮಾನದ ಟಿಕೆಟ್ ಇವುಗಳಲ್ಲಿ ಯಾವುದು ಸೇರಿದೆ, ಆಯ್ಕೆ ಮಾಡುವವರು ಯಾರು ಎಂಬುದನ್ನೂ ಅಧಿಸೂಚನೆಯಲ್ಲಿ ಹುಡುಕಿ.

ಪರಿಶೀಲನೆಗೆ ದಾಖಲೆಗಳು ಸಿಗುತ್ತವೆ. ಕೇಂದ್ರ ಬಜೆಟ್ಟಿನ ವಿದೇಶಾಂಗ ಸಚಿವಾಲಯದ ಅನುದಾನ ಬೇಡಿಕೆಯಲ್ಲಿ (ಸಚಿವಾಲಯ ಆ ವರ್ಷಕ್ಕೆ ಕೇಳುವ ಹಣದ ಪಟ್ಟಿಯಲ್ಲಿ) ಶ್ರೀಲಂಕಾ, ನೇಪಾಳದ ಹೆಸರಿನ ಎದುರು ನೆರವಿನ ಮೊತ್ತ ಇರುತ್ತದೆ. ಸಾಲದ ಮೊತ್ತ ಅಲ್ಲಿ ಸಿಗದು, ಅದಕ್ಕೆ ಎಕ್ಸಿಮ್ ಬ್ಯಾಂಕಿನ ವಾರ್ಷಿಕ ವರದಿ ನೋಡಬೇಕು. ಸಂಸತ್ತಿನ ಪ್ರಶ್ನೋತ್ತರಗಳಲ್ಲಿ ಮಂಜೂರಾದದ್ದೆಷ್ಟು, ಬಳಕೆಯಾದದ್ದೆಷ್ಟು ಎಂಬ ವಿವರ ಬರುವುದುಂಟು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡು, ಮುಂದಿನ ವರ್ಷದ ಬಜೆಟ್ ಬಂದಾಗ ಮತ್ತೊಮ್ಮೆ ಹೋಲಿಸಿ ನೋಡಿ.