ಅಧ್ಯಕ್ಷರಿಗೆ ಗೂಗಲ್ ಡಾಕ್ಸ್ ರೂಢಿ ಮಾಡಿಸುವುದು ಹೇಗೆ?

ಯಾವ ಸಂಘಕ್ಕೆ ಹೋದರೂ ‘ಕಂಪ್ಯೂಟರ್ ಗೊತ್ತಿರೋರು’ ಅನ್ನುವ ಪಟ್ಟ ನನ್ನ ತಲೆಗೇ ಬರುತ್ತದೆ. ಅಧ್ಯಕ್ಷರು, ಕಾರ್ಯದರ್ಶಿಗಳಿಗೆ ಆನ್‌ಲೈನ್ ಫೈಲುಗಳನ್ನು ರೂಢಿ ಮಾಡಿಸುವ ಕೆಲಸವೂ ನನ್ನದೇ. ಈ ಕೆಲಸ ನಿಮ್ಮ ಪಾಲಿಗೂ ಬಂದಿದ್ದರೆ ಮೊದಲ ಮಾತು: ಪಾಠ ಮಾಡಬೇಡಿ. ಅವರಿಗೆ ಆಗಲೇ ಇರುವ ಒಂದು ತಲೆನೋವನ್ನು ಹಿಡಿಯಿರಿ.

ಹೆಚ್ಚಿನ ಕಡೆ ಅದು ಸಭೆಯ ಅಜೆಂಡಾ. ವಾಟ್ಸಾಪ್‌ನಲ್ಲಿ ವರ್ಡ್ ಫೈಲ್ ಬರುತ್ತದೆ. ಖಜಾಂಚಿ ಒಂದು ಪ್ರತಿ ತಿದ್ದುತ್ತಾರೆ, ಕಾರ್ಯದರ್ಶಿ ಇನ್ನೊಂದು. ಸಭೆಯ ದಿನ ಅಧ್ಯಕ್ಷರ ಕೈಯಲ್ಲಿರುವುದು ಮೂರನೆಯದು! ಇದೊಂದನ್ನೇ ಗೂಗಲ್ ಡಾಕ್ಸ್‌ಗೆ ಹಾಕಿ, ಅಲ್ಲಿ ಆನ್‌ಲೈನ್‌ನಲ್ಲಿರುವ ಒಂದೇ ಪ್ರತಿಯನ್ನು ಎಲ್ಲರೂ ತಿದ್ದಬಹುದು. ಖಾಲಿ ಪುಟ ಕೊಡಬೇಡಿ. ಕಳೆದ ಸಭೆಯ ನಡಾವಳಿ, ಬಾಕಿ ಉಳಿದ ವಿಷಯಗಳನ್ನು ಮೊದಲೇ ತುಂಬಿಸಿಡಿ. ಟ್ರೆಲ್ಲೋ, ಸ್ಲ್ಯಾಕ್‌ನಂಥ ಬೇರೆ ಆ್ಯಪ್‌ಗಳ ಹೆಸರನ್ನು ಸದ್ಯಕ್ಕೆ ಎತ್ತಲೇಬೇಡಿ.

ಲಿಂಕ್ ಕಳಿಸುವ ಮುಂಚೆ ಅವರ ಫೋನಿನಲ್ಲಿ ಯಾವ ಜಿಮೇಲ್ ಖಾತೆ ಇದೆ ನೋಡಿ. ಅದು ಮಗನೋ ಮಗಳೋ ಮಾಡಿಕೊಟ್ಟ ಖಾತೆ ಆಗಿರುತ್ತದೆ, ವಿಳಾಸ ಅವರಿಗೇ ನೆನಪಿರುವುದಿಲ್ಲ. ನೀವು ಹಂಚಿದ್ದು ಒಂದು ವಿಳಾಸಕ್ಕೆ, ಫೋನಿನಲ್ಲಿರುವುದು ಇನ್ನೊಂದು ಅಂತಾದರೆ, ತೆರೆದ ಕೂಡಲೇ ‘ನಿಮಗೆ ಅನುಮತಿ ಇಲ್ಲ’ ಅನ್ನುವ ಪರದೆ ಬರುತ್ತದೆ. ತಮ್ಮದೇ ಸಂಸ್ಥೆಯ ಕಡತಕ್ಕೆ ತಮಗೇ ಅನುಮತಿ ಇಲ್ಲ ಅಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ‘ಲಿಂಕ್ ಇರುವ ಯಾರಾದರೂ ತಿದ್ದಬಹುದು’ ಅಂತ ಇಟ್ಟರೆ ಈ ಗೋಳು ಇಲ್ಲ, ನಿಜ. ಆದರೆ ಆ ಲಿಂಕ್ ಯಾರ ಯಾರ ಗುಂಪಿಗೆ ಹೋಗುತ್ತದೋ ಹೇಳಲಾಗದು.

ಕಲಿಸುವಾಗ ಅವರೊಬ್ಬರೇ ಇರಲಿ. ಕಿರಿಯರ ಎದುರು ತಡವರಿಸಲು ಯಾವ ಹಿರಿಯರಿಗೂ ಇಷ್ಟವಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ, ಫೈಲಿನ ಒಂದು ನಕಲು ತೆರೆದು, ‘ಸರ್, ಇದನ್ನೆಲ್ಲ ಅಳಿಸಿಬಿಡಿ’ ಅನ್ನಿ. ಕಂಟ್ರೋಲ್-ಎ, ಆಮೇಲೆ ಡಿಲೀಟ್. ಪುಟ ಖಾಲಿ. ಅವರು ನಿಮ್ಮ ಮುಖ ನೋಡುತ್ತಾರೆ. ಈಗ ಕಂಟ್ರೋಲ್-ಝಡ್ ಒತ್ತಿಸಿ, ಎಲ್ಲ ವಾಪಸ್. ಅದಾದ ಮೇಲೆ ಮೂಲ ಫೈಲಿಗೆ ಹೋಗಿ, ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ, ಅಂದರೆ ಹಳೆಯ ಪ್ರತಿಗಳ ಪಟ್ಟಿ, ತೆರೆಯಿರಿ. ಯಾರು, ಯಾವಾಗ, ಏನು ತಿದ್ದಿದರು ಅನ್ನುವುದೆಲ್ಲ ಬಣ್ಣಬಣ್ಣವಾಗಿ ಕಾಣುತ್ತದೆ. ಬೇಕಾದ ಹಳೆಯ ಪ್ರತಿಗೆ ಮರಳಲೂಬಹುದು. ‘ನಾನು ಮುಟ್ಟಿ ಏನಾದರೂ ಹಾಳಾದರೆ?’ ಅನ್ನುವ ಅಂಜಿಕೆ ಕಳೆಯಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಟೈಪ್ ಮಾಡಿ ಅಂತ ಒತ್ತಾಯಿಸಬೇಡಿ. ಅಧ್ಯಕ್ಷರ ಕೆಲಸ ಬರೆಯುವುದಲ್ಲ, ತೀರ್ಮಾನ ಹೇಳುವುದು. ಅದಕ್ಕೆ ಕಾಮೆಂಟ್ ಸಾಕು. ನಿಮಗೆ ಅವರ ಒಪ್ಪಿಗೆ ಬೇಕಾದ ಸಾಲಿನ ಪಕ್ಕದಲ್ಲಿ ಕಾಮೆಂಟ್ ತೆರೆದು, @ ಗುರುತು ಹಾಕಿ ಅವರ ಇಮೇಲ್ ಸೇರಿಸಿದರೆ ಅವರಿಗೆ ಮೇಲ್ ಹೋಗುತ್ತದೆ. ‘ಸರಿ’ ಅಂತ ಒಂದು ಪದ ಬರೆದರೂ ಆಯಿತು. ಬೆರಳು ಓಡದವರಿಗೆ ಫೋನಿನ ಜಿಬೋರ್ಡ್‌ನಲ್ಲಿ (ಗೂಗಲ್‌ನ ಕೀಬೋರ್ಡ್ ಆ್ಯಪ್) ಮೈಕ್ ಗುರುತು ತೋರಿಸಿ. ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಮೂಡುತ್ತದೆ. ತಪ್ಪು ಇರುತ್ತದೆ, ಇರಲಿ.

ಇನ್ನು ಕಷ್ಟದ ಭಾಗ. ‘ಆ ಫೈಲ್ ಒಂದ್ಸಲ ವಾಟ್ಸಾಪ್ ಮಾಡಿಬಿಡಿ’ ಅಂತ ಸಂದೇಶ ಬಂದೇ ಬರುತ್ತದೆ. ಲಿಂಕ್ ಅನ್ನೇ ಕಳಿಸಿ. ನಗುತ್ತಲೇ, ಪ್ರತಿ ಸಲ. ಒಮ್ಮೆ ಫೈಲ್ ಕಳಿಸಿದರೆ ಮತ್ತೆ ಅದೇ ಮೂರು ಪ್ರತಿಗಳ ಕಥೆ. ಆದರೆ ಪ್ರಿಂಟ್ ಕೇಳಿದರೆ ಕೊಡಿ. ಕಾಗದದ ಮೇಲೆ ಓದುವ ಅಭ್ಯಾಸಕ್ಕೂ ಇದಕ್ಕೂ ಜಗಳವಿಲ್ಲ.

‘ಎಲ್ಲರಿಗೂ ಎಲ್ಲ ಕಾಣಿಸುತ್ತಲ್ಲ’ ಅಂತ ಅವರು ಅಳುಕಿದರೆ ಅದನ್ನು ಹಗುರವಾಗಿ ತಗೋಬೇಡಿ. ಸಂಬಳ, ದೂರುಗಳಂಥ ವಿಷಯ ಈ ಫೈಲಿನಲ್ಲಿ ಇರಲೇಬಾರದು. ಶೇರ್ ಬಟನ್ ಒತ್ತಿ, ಯಾರ ಯಾರ ಹೆಸರಿದೆ ಅಂತ ಅವರ ಕೈಯಲ್ಲೇ ನೋಡಿಸಿ.

ಫೈಲನ್ನು ನಿಮ್ಮ ಸ್ವಂತ ಖಾತೆಯಲ್ಲಿ ಮಾಡಬೇಡಿ, ಸಂಸ್ಥೆಯ ಹೆಸರಿನ ಖಾತೆಯಲ್ಲಿ ಮಾಡಿ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಅಳಿಸಿದ ಫೈಲು ಗೂಗಲ್ ಡ್ರೈವ್‌ನ (ಈ ಫೈಲುಗಳೆಲ್ಲ ಉಳಿಯುವ ಜಾಗ) ಕಸದ ಬುಟ್ಟಿಯಲ್ಲಿ ಇರುವುದು 30 ದಿನ ಮಾತ್ರ. ಪಾಸ್‌ವರ್ಡ್ ಕಾರ್ಯದರ್ಶಿಗೂ ಗೊತ್ತಿರಲಿ, ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯಲು ಕೊಡುವ ರಿಕವರಿ ಫೋನ್ ನಂಬರ್ ನಿಮ್ಮದು ಬೇಡ.